ಕೊಟ್ಟಿಗೆಯ ಗೂಡಿನಲ್ಲಿ ಕೂಡಿಟ್ಟ ಮದ್ದು

ಮುಂಗಾರು ಹತ್ತಿರವಾಯಿತೆಂದರೆ ರೈತನ ಮನೆಯಲ್ಲಿ ಕೂಡಿಡುವ ಕೆಲಸ ಶುರುವಾಗುತ್ತದೆ. ಸೌದೆ ಒಳಗೆ ಸೇರಬೇಕು, ಬಣವೆಗೆ ಹೊದಿಕೆ ಬೀಳಬೇಕು, ಬಿತ್ತನೆ ಬೀಜ ಹಸನಾಗಬೇಕು. ಉಪ್ಪು, ಬೆಲ್ಲ, ಬೆಂಕಿಪೊಟ್ಟಣ ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಇರಬೇಕು. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಮಾತ್ರೆ ಮತ್ತು ಸೂಜಿಮದ್ದು. ಊರಿನ ಹತ್ತು ಕೊಟ್ಟಿಗೆಗಳ ಗೋಡೆಗೂಡು ತಡಕಿ ನೋಡಿ. ಹಗ್ಗದ ಉಂಡೆ, ಮುರಿದ ಲಾಳ, ಬೇವಿನೆಣ್ಣೆಯ ಸೀಸೆಗಳ ನಡುವೆ ಅರ್ಧ ಖರ್ಚಾದ ಆಕ್ಸಿಟೆಟ್ರಾಸೈಕ್ಲಿನ್ ಸೀಸೆಯೊಂದು ಕೈಗೆ ಸಿಕ್ಕೇ ಸಿಗುತ್ತದೆ. ಮನೆಯೊಳಗೆ ಹೋದರೆ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಯಾವತ್ತೋ ಯಾರಿಗೋ ತಂದು ಉಳಿದ ಕ್ಯಾಪ್ಸೂಲುಗಳು.

ಹೀಗೆ ಕೂಡಿಡುವವರನ್ನು ಹಳಿಯುವುದು ಸುಲಭ. ಆದರೆ ಅವರ ಕಷ್ಟವನ್ನು ಮೊದಲು ಒಪ್ಪಿಕೊಳ್ಳಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿದಾಗ ಎಷ್ಟೋ ಊರುಗಳಿಗೆ ದಿನಗಟ್ಟಲೆ ದಾರಿಯೇ ಇರಲಿಲ್ಲ. ಮಲೆನಾಡಿನ ಒಂಟಿ ಮನೆಗಳಿಗೆ ಇದು ಪ್ರತಿ ವರ್ಷದ ಪಾಡು. ಹಳ್ಳ ತುಂಬಿತೆಂದರೆ ಆಚೆ ದಡದ ಆಸ್ಪತ್ರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ರಾತ್ರಿ ಹನ್ನೆರಡಕ್ಕೆ ಹಸು ಮೇವು ಬಿಟ್ಟು ಗೊರಗೊರ ಎಂದರೆ, ಕೈಯಲ್ಲಿ ಏನಾದರೂ ಇರಲಿ ಎಂದು ಯಾರಿಗೆ ತಾನೇ ಅನಿಸದು?

ನಮ್ಮ ಮನೆಯಲ್ಲೂ ಅಂಥ ಡಬ್ಬಿ ಇತ್ತು. ಕೆಲವು ವರ್ಷಗಳ ಹಿಂದೆ ಶ್ರಾವಣದ ಜಡಿಮಳೆಯಲ್ಲಿ ತಾಯಿಯವರಿಗೆ ಜ್ವರ, ಕೆಮ್ಮು ಬಂತು. ಹೊಳೆ ದಾಟುವಂತಿರಲಿಲ್ಲ. ತಮ್ಮನಿಗೆ ಹಲ್ಲು ಕೀಳಿಸಿದಾಗ ತಂದು ಉಳಿದಿದ್ದ ಆರು ಕ್ಯಾಪ್ಸೂಲು ಡಬ್ಬಿಯಲ್ಲಿದ್ದವು. ದಿನಕ್ಕೆ ಮೂರರಂತೆ ಎರಡು ದಿನ ಕೊಟ್ಟೆವು. ಜ್ವರ ಇಳಿಯಿತು. ನಾವೇ ಡಾಕ್ಟರಾದೆವೆಂದು ಬೀಗಿದೆವು. ನಾಲ್ಕನೆಯ ದಿನ ಜ್ವರ ಚಳಿಯ ಸಮೇತ ಮರಳಿ ಬಂತು, ಉಸಿರಾಡುವಾಗ ಪಕ್ಕೆ ಹಿಡಿಯತೊಡಗಿತು. ನೀರು ತಗ್ಗಿದ ಮೇಲೆ ಆಸ್ಪತ್ರೆಗೆ ಒಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಏನು ಕೊಟ್ಟಿದ್ದಿರಿ?" ನಮಗೆ ಹೆಸರೇ ಗೊತ್ತಿರಲಿಲ್ಲ. ಅಂಗಡಿಯವನು ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕೊಟ್ಟಿದ್ದ. ಹೆಸರೂ ತಾರೀಖೂ ಇದ್ದ ತುದಿ ಅವನಲ್ಲೇ ಉಳಿದಿತ್ತು. ಕಫ ಪರೀಕ್ಷೆಗೆ ಕಳಿಸಿದರೆ ಅದರಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಅರೆಬರೆ ಮದ್ದು ಒಳಗಿನ ಕೇಡನ್ನು ಉಳಿಸಿ, ಅದರ ಗುರುತನ್ನು ಮಾತ್ರ ಅಳಿಸಿರಬೇಕೆಂದು ವೈದ್ಯರು ಹೇಳಿದರು. ನ್ಯುಮೋನಿಯಾ ಎಂದು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಬದುಕಿ ಬಂದರು. ಆ ಡಬ್ಬಿಯನ್ನು ನಾನು ಸರಿಯಾಗಿ ನೋಡಿದ್ದು ಆಮೇಲೆಯೇ.

ಅದರಲ್ಲಿದ್ದದ್ದು ಆಂಟಿಬಯೋಟಿಕ್, ಅಂದರೆ ಪ್ರತಿಜೀವಕ. ಇದು ಬ್ಯಾಕ್ಟೀರಿಯಾ ಎಂಬ ಜಾತಿಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಅಥವಾ ಅವು ಬೆಳೆಯದಂತೆ ತಡೆಯುತ್ತದೆ. ವೈರಸ್ಸಿನ ಮುಂದೆ ಇದರ ಆಟ ನಡೆಯದು. ನೆಗಡಿ, ಫ್ಲೂ, ಡೆಂಗಿ, ಚಿಕುನ್‌ಗುನ್ಯ, ಮಲೆನಾಡಿನ ಮಂಗನ ಕಾಯಿಲೆ, ಇವೆಲ್ಲ ವೈರಸ್ಸಿನಿಂದ ಬರುವಂಥವು. ದನಗಳ ಕಾಲುಬಾಯಿ ಜ್ವರವೂ ಹಾಗೆಯೇ. 2022ರಲ್ಲಿ ನಮ್ಮ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗವೂ ಅದೇ. ಕುರಿಗಳ ಹಿರೇಬೇನೆಯೂ ಅದೇ. ಗಂಟು ಒಡೆದು ಹುಣ್ಣಾಗಿ ಕೀವು ಸೇರಿದಾಗ ಪಶುವೈದ್ಯರು ಆಂಟಿಬಯೋಟಿಕ್ ಕೊಡುವುದುಂಟು. ಅದು ಕೀವಿಗೆ, ಮೂಲ ರೋಗಕ್ಕಲ್ಲ. ಇದನ್ನು ನೋಡಿದ ಪಕ್ಕದ ಮನೆಯವರು "ಚರ್ಮಗಂಟಿಗೆ ಆ ಸೀಸೆ ಒಳ್ಳೆಯದು" ಎಂದು ಊರಿಗೆಲ್ಲ ಸಾರುತ್ತಾರೆ.

ಕೊರೊನಾ ಕಾಲವನ್ನೇ ನೆನೆಯಿರಿ. 2020 ಮತ್ತು 2021ರಲ್ಲಿ ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್ ಗುಳಿಗೆಗಳನ್ನು ಜನ ಅಕ್ಕಿಬೇಳೆಯಂತೆ ಕೊಂಡಿಟ್ಟರು. ಕೊರೊನಾ ವೈರಸ್ಸಿನ ರೋಗ. ಇಂಗ್ಲೆಂಡಿನಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅಜಿತ್ರೊಮೈಸಿನ್‌ನಿಂದ ಕೊರೊನಾ ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ. ಆ ಗುಳಿಗೆಗಳ ಉಳಿಕೆಯೇ ಈಗಲೂ ಎಷ್ಟೋ ಮನೆಗಳ ಡಬ್ಬಿಯಲ್ಲಿದೆ.

ಇನ್ನು ಬ್ಯಾಕ್ಟೀರಿಯಾದಿಂದಲೇ ಬಂದ ರೋಗವಾದರೂ, ಎಲ್ಲ ಬೀಗಕ್ಕೂ ಒಂದೇ ಕೀಲಿ ಹೊಂದುವುದಿಲ್ಲ. ಕೆಚ್ಚಲು ಬಾವಿಗೆ ಕಾರಣವಾಗುವ ಬ್ಯಾಕ್ಟೀರಿಯಾಗಳೇ ಹಲವು ಬಗೆ. ಹಾಲಿನ ಮಾದರಿ ಪರೀಕ್ಷೆ ಮಾಡಿದರೆ ಯಾವ ಮದ್ದಿಗೆ ಬಗ್ಗುತ್ತದೆಂದು ತಿಳಿಯುತ್ತದೆ. ಪ್ರಮಾಣವನ್ನು ನಿರ್ಧರಿಸುವುದು ದನದ ತೂಕ. ನಾನೂರು ಕಿಲೋ ತೂಗುವ ಮಿಶ್ರತಳಿ ಹಸುವಿಗೆ ಹಾಕಿದಷ್ಟನ್ನೇ ಅದರ ಕಾಲುಭಾಗ ತೂಗುವ ಮಲೆನಾಡು ಗಿಡ್ಡಕ್ಕೆ ಹಾಕಿದರೆ ಏನಾದೀತು? ಆಕ್ಸಿಟೆಟ್ರಾಸೈಕ್ಲಿನ್ ತಪ್ಪಿ ರಕ್ತನಾಳಕ್ಕೆ ರಭಸದಿಂದ ಹೋದರೆ ಹಸು ನಿಂತಲ್ಲೇ ಕುಸಿಯುವುದುಂಟು. ಮನುಷ್ಯರ ಮಾತ್ರೆಯನ್ನು ಬೆಲ್ಲದಲ್ಲಿ ಸುತ್ತಿ ದನಕ್ಕೆ ತಿನ್ನಿಸುವವರಿದ್ದಾರೆ. ದೊಡ್ಡ ದನದ ಹೊಟ್ಟೆಯಲ್ಲಿ ಹುಲ್ಲು ಜೀರ್ಣವಾಗುವುದೇ ಅಲ್ಲಿ ಮನೆಮಾಡಿದ ಕೋಟ್ಯಂತರ ಸೂಕ್ಷ್ಮಜೀವಿಗಳಿಂದ. ಬಾಯಿಂದ ಹೋದ ಆಂಟಿಬಯೋಟಿಕ್ ಅವನ್ನೂ ಕೊಲ್ಲುತ್ತದೆ. ಹಸು ಮೆಲುಕು ನಿಲ್ಲಿಸುತ್ತದೆ. ಆಗ ಹೊಸ ರೋಗ ಬಂತೆಂದು ಇನ್ನೊಂದು ಮಾತ್ರೆ ಹುಡುಕುತ್ತೇವೆ.

ಹಾಲಿನ ಮಾತಿಗೆ ಬರೋಣ. ಗೃಹಿಣಿಯರಿಗೆ ಇದರ ಅನುಭವವಿದೆ. ಸೂಜಿಮದ್ದು ಹಾಕಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾದರೂ ಮೊಸರು ಗಟ್ಟಿಯಾಗುವುದಿಲ್ಲ. ಮೊಸರನ್ನು ಮಾಡುವುದು ಬ್ಯಾಕ್ಟೀರಿಯಾ. ಹಾಲಿನಲ್ಲಿ ಉಳಿದ ಔಷಧಿ ಅದನ್ನು ಕೊಲ್ಲುತ್ತದೆ. ಒಬ್ಬರು ತಂದು ಸುರಿದ ಎರಡು ಲೀಟರು ಹಾಲು ಸಂಘದ ಇಡೀ ಕ್ಯಾನನ್ನು ಕೆಡಿಸಬಲ್ಲದು. ಆ ಹಾಲು ಕುಡಿಯುವ ಮಗುವಿನ ಹೊಟ್ಟೆಗೂ ಔಷಧಿ ಹೋಗುತ್ತದೆ. ಆದ್ದರಿಂದಲೇ ಔಷಧಿ ಹಾಕಿದ ಮೇಲೆ ಇಂತಿಷ್ಟು ದಿನ ಹಾಲು ಮಾರಬಾರದೆಂಬ ನಿಯಮವಿದೆ. ದಿನಗಳ ಲೆಕ್ಕ ಸೀಸೆಯ ಚೀಟಿಯ ಮೇಲೆ ಇರುತ್ತದೆ. ಪರೀಕ್ಷೆಯಿಂದ ಖಚಿತಪಡಿಸಿದ ಅವಧಿ ಇಲ್ಲದಿದ್ದಲ್ಲಿ ಹಾಲು ಮತ್ತು ಮೊಟ್ಟೆಗೆ 7 ದಿನ, ಕೋಳಿ ಕುರಿಗಳ ಮಾಂಸಕ್ಕೆ 28 ದಿನಕ್ಕೆ ಕಡಿಮೆ ಇರಬಾರದೆಂದು ಕೇಂದ್ರ ಸರ್ಕಾರ 2012ರಲ್ಲಿ ನಿಯಮ ಮಾಡಿದೆ. ಪಶುವೈದ್ಯರು ಹಾಕಿದರೆ ಈ ಮಾತನ್ನು ಹೇಳಿ ಹೋಗುತ್ತಾರೆ. ಗೂಡಿನ ಸೀಸೆಯಿಂದ ನಾವೇ ಚುಚ್ಚಿದಾಗ ಹೇಳುವವರು ಯಾರು? ಚೀಟಿಯಂತೂ ಸಗಣಿ ಮೆತ್ತಿ ಅಳಿಸಿಹೋಗಿರುತ್ತದೆ.

ಅರೆಹೊಟ್ಟೆಗೆ ಹಾಕಿದ ಮದ್ದಿನಿಂದ ಇನ್ನೊಂದು ಕೇಡಿದೆ. ಕಳೆ ತೆಗೆಯುವವನು ಗರಿಕೆಯನ್ನು ಮೇಲೆ ಮೇಲೆ ಚಿವುಟಿ ಬಿಟ್ಟರೆ ಏನಾಗುತ್ತದೆಂದು ರೈತನಿಗೆ ಹೇಳಿಕೊಡಬೇಕಾಗಿಲ್ಲ. ಬ್ಯಾಕ್ಟೀರಿಯಾದ ವಿಷಯದಲ್ಲಿ ಹೀಗೆ: ಕಡಿಮೆ ಪ್ರಮಾಣದ ಮದ್ದಿಗೆ ದುರ್ಬಲವಾದವು ಸಾಯುತ್ತವೆ, ತಾಳಿಕೊಳ್ಳುವ ಶಕ್ತಿ ಇದ್ದವು ಉಳಿಯುತ್ತವೆ, ಮುಂದಿನ ಸಂತಾನ ಅವುಗಳದೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಭಾಷಣದಲ್ಲೇ ಈ ಅಪಾಯವನ್ನು ಹೇಳಿದ್ದರು. ಪೆನಿಸಿಲಿನ್ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವ ಕಾಲ ಬಂದೀತು, ಆಗ ಅರಿಯದ ಮನುಷ್ಯ ಕಡಿಮೆ ಪ್ರಮಾಣ ತೆಗೆದುಕೊಂಡು ರೋಗಾಣುಗಳನ್ನು ಪಳಗಿಸಿಬಿಟ್ಟಾನು ಎಂಬುದು ಅವರ ಭಯ. ಅವರ ಭಯ ನಿಜವಾಗಿದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ವಿಜ್ಞಾನಿಗಳ ಅಂದಾಜು. ಎಷ್ಟು ದಿನ ಮದ್ದು ತೆಗೆದುಕೊಳ್ಳಬೇಕೆಂಬುದು ರೋಗದಿಂದ ರೋಗಕ್ಕೆ ಬೇರೆ. ಕೆಲವಕ್ಕೆ ಮೂರು ದಿನ ಸಾಕು, ಕ್ಷಯಕ್ಕೆ ತಿಂಗಳುಗಟ್ಟಲೆ ಬೇಕು. ವೈದ್ಯರು ಹೇಳಿದಷ್ಟನ್ನು ಪೂರ್ತಿ ತೆಗೆದುಕೊಂಡರೆ ಡಬ್ಬಿಗೆ ಉಳಿಯುವುದಾದರೂ ಏನು? ಡಬ್ಬಿಯಲ್ಲಿ ಉಳಿದದ್ದೆಲ್ಲ ಯಾರೋ ನುಂಗದೆ ಬಿಟ್ಟದ್ದು ಎಂದೇ ಅರ್ಥ.

ಕೂಡಿಟ್ಟ ಮದ್ದು ಕೆಡುವುದಿಲ್ಲವೇ ಎಂಬ ಪ್ರಶ್ನೆಯೂ ಇದೆ. ಹೆಚ್ಚಿನ ಆಂಟಿಬಯೋಟಿಕ್‌ಗಳನ್ನು 25 ಅಥವಾ 30 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ, ಬೆಳಕು ತಾಗದಂತೆ ಇಡಬೇಕೆಂದು ಚೀಟಿಯ ಮೇಲೆ ಬರೆದಿರುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗಿನ ಗೂಡಿನಲ್ಲಿ ಇನ್ನೂ ಹೆಚ್ಚು. ಮಲೆನಾಡಿನಲ್ಲಿ ಶಾಖವಿಲ್ಲದಿದ್ದರೆ ಬೂಷ್ಟು ಹಿಡಿಸುವ ತೇವವಿದೆ. ಅವಧಿ ಮೀರಿದ ಟೆಟ್ರಾಸೈಕ್ಲಿನ್ ಕೆಟ್ಟು ಅದನ್ನು ನುಂಗಿದವರ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಸಂಗಗಳು 1963ರಲ್ಲೇ ವರದಿಯಾಗಿವೆ. ಮಕ್ಕಳ ಅಮಾಕ್ಸಿಸಿಲಿನ್ ಪುಡಿಗೆ ಒಮ್ಮೆ ನೀರು ಬೆರೆಸಿದ ಮೇಲೆ ಒಂದೆರಡು ವಾರದಾಚೆ ಅದು ಔಷಧಿಯಾಗಿ ಉಳಿಯುವುದಿಲ್ಲ. ತಾರೀಖು ಮುಗಿದರೂ ಮಾತ್ರೆ ಕೆಲಸ ಮಾಡುತ್ತದೆಂದು ಅಮೆರಿಕದ ಸೇನೆಯವರೇ ಪರೀಕ್ಷಿಸಿದ್ದಾರೆ ಎಂದು ವಾದಿಸುವವರು ಸಿಗುತ್ತಾರೆ. ನಿಜ, ಪರೀಕ್ಷಿಸಿದ್ದಾರೆ. ಆದರೆ ಅವು ಶಾಖ ಹದವಾಗಿಟ್ಟ ಗೋದಾಮಿನಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿದ್ದವು, ನಮ್ಮ ಕೊಟ್ಟಿಗೆಯ ಗೂಡಿನಲ್ಲಲ್ಲ.

ಅಮೆರಿಕದ ಮಾತು ಬಂದದ್ದರಿಂದ ಇನ್ನೊಂದು ಪ್ರಸಂಗ. 2001ರಲ್ಲಿ ಅಲ್ಲಿ ಯಾರೋ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ರೋಗಾಣುವಿನ ಪುಡಿ ಹಾಕಿ ಕಳಿಸಿದರು. ಆಂಥ್ರಾಕ್ಸ್ ಎಂದರೆ ನಮ್ಮ ದನ ಕುರಿಗಳ ನೆರಡಿ ರೋಗವೇ. 22 ಜನರಿಗೆ ರೋಗ ತಗಲಿ ಐವರು ಸತ್ತರು. ಕೂಡಲೇ ದೇಶದ ಉದ್ದಗಲಕ್ಕೂ ಜನ ಸಿಪ್ರೊಫ್ಲಾಕ್ಸಸಿನ್ ಮಾತ್ರೆಗೆ ಮುಗಿಬಿದ್ದು ಮನೆಯಲ್ಲಿ ಕೂಡಿಟ್ಟರು. ಪುಡಿ ತಾಗಿದ ಸಂಶಯವಿದ್ದ ಸುಮಾರು 10 ಸಾವಿರ ಜನರಿಗೆ ಸರ್ಕಾರ 60 ದಿನ ಔಷಧಿ ತೆಗೆದುಕೊಳ್ಳಲು ಹೇಳಿತು. ಸಾವು ಬಾಗಿಲಲ್ಲಿ ನಿಂತಿದ್ದಾಗಲೂ ಅದನ್ನು ಪೂರ್ತಿಯಾಗಿ ನುಂಗಿದವರು ಅರ್ಧಕ್ಕಿಂತ ಕಡಿಮೆ. ಮನುಷ್ಯ ಸ್ವಭಾವ ಅಲ್ಲೂ ಇಲ್ಲೂ ಒಂದೇ.

ನಮ್ಮ ದೇಶದಲ್ಲಿ 1994ರ ಸೆಪ್ಟೆಂಬರ್‌ನಲ್ಲಿ ಸೂರತ್ ನಗರಕ್ಕೆ ಪ್ಲೇಗ್ ಬಂತೆಂಬ ಸುದ್ದಿಗೆ ಲಕ್ಷಾಂತರ ಜನ ಊರು ಬಿಟ್ಟರು. ಹೋಗುವವರು, ಇದ್ದವರು ಎಲ್ಲರೂ ಟೆಟ್ರಾಸೈಕ್ಲಿನ್ ಕೊಂಡರು. ಅಂಗಡಿಗಳಲ್ಲಿ ಗುಳಿಗೆ ಮುಗಿದೇ ಹೋಯಿತು. ರೋಗವಿಲ್ಲದವನ ಜೇಬಿನಲ್ಲಿರುವ ಗುಳಿಗೆ ರೋಗಿಯ ಬಾಯಿಗೆ ಬರುವುದಿಲ್ಲ. ಇದಕ್ಕೆ ಬೇರೆಯದಾದ ದಾರಿ 2018ರ ಪ್ರವಾಹದಲ್ಲಿ ಕೇರಳದಲ್ಲಿ ಕಂಡಿತು. ನೆರೆ ನೀರಿನಲ್ಲಿ ಇಲಿ ಜ್ವರ ಹರಡುವುದೆಂದು ತಿಳಿದ ಅಲ್ಲಿನ ಆರೋಗ್ಯ ಇಲಾಖೆ, ಕೆಸರು ನೀರಿನಲ್ಲಿ ದುಡಿಯುವವರಿಗೆ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ವಾರಕ್ಕೊಮ್ಮೆ ಕೊಟ್ಟಿತು. ಗರ್ಭಿಣಿಯರಿಗೂ ಎಳೆ ಮಕ್ಕಳಿಗೂ ಆ ಗುಳಿಗೆ ಸಲ್ಲದು. ದಾಸ್ತಾನು ಸರ್ಕಾರದ್ದು, ರೋಗ ಯಾವುದೆಂದು ಗೊತ್ತಿತ್ತು, ಯಾರಿಗೆ ಎಷ್ಟೆಂಬ ಲೆಕ್ಕವಿತ್ತು. ನಮ್ಮ ಕರಾವಳಿ, ಮಲೆನಾಡಿನಲ್ಲೂ ಇಲಿ ಜ್ವರವಿದೆ. ಗದ್ದೆ ಕೆಲಸದ ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ "ಕೆಸರಿನಲ್ಲಿ ಕೆಲಸ ಮಾಡಿದ್ದೇನೆ" ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿ. ಡಬ್ಬಿಯ ಹತ್ತು ಮಾತ್ರೆಗಿಂತ ಆ ಒಂದು ಮಾತು ಬೆಲೆಯುಳ್ಳದ್ದು.

ಹಾಗಾದರೆ ಗಳಲೆ ಬೇನೆಯ ಗತಿ ಏನು ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಮಳೆ ಬಿದ್ದ ಹೊಸದರಲ್ಲಿ ದನಕ್ಕೆ ಏಕಾಏಕಿ ಜ್ವರ ಏರಿ, ಗಂಟಲು ಬಾತು, ಗೊರಕೆಯಂಥ ಉಸಿರು ಬಿಡುತ್ತ ಒಂದೆರಡು ದಿನದಲ್ಲೇ ಸಾಯುತ್ತದೆ. ಇದು ಬ್ಯಾಕ್ಟೀರಿಯಾದ ರೋಗ. ಮೊದಲ ಗಂಟೆಗಳಲ್ಲಿ ಸರಿಯಾದ ಆಂಟಿಬಯೋಟಿಕ್ ಬಿದ್ದರೆ ಉಳಿಯುವ ಆಸೆ ಇದೆ. ಗಂಟಲು ಬಾತು ಉಸಿರು ಕಟ್ಟಿದ ಮೇಲೆ ಯಾವ ಸೀಸೆಯೂ ಕೈಹಿಡಿಯುವುದು ಅಪರೂಪ. ಚಪ್ಪೆ ಬೇನೆಯಲ್ಲೂ ಹೀಗೆಯೇ. ಕೊಬ್ಬಿದ ಎಳೆಯ ಹೋರಿಯೇ ಕುಂಟಿ ಬಿದ್ದು, ತೊಡೆಯ ಮಾಂಸ ಒತ್ತಿದರೆ ಚರಚರ ಎಂದಾಗ ಹೊತ್ತು ಮೀರಿರುತ್ತದೆ. ಈ ಎರಡಕ್ಕೂ ಲಸಿಕೆ ಇದೆ. ಹಾಕಿದ ಮೇಲೆ ಮೈಯಲ್ಲಿ ಶಕ್ತಿ ಬರಲು ಎರಡು ಮೂರು ವಾರ ಬೇಕು. ಆದ್ದರಿಂದ ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ಆಗಬೇಕು. ಮೊದಲ ದನ ಸತ್ತ ಮೇಲೆ ಹಾಕಿಸಲು ಓಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕುರಿಗಳಿಗೆ ಕರುಳು ಬೇನೆಯ ಲಸಿಕೆಯೂ ಇದೇ ಹೊತ್ತಿನದು. ಮಳೆಗಾಲಕ್ಕೆ ಕೂಡಿಡುವುದಾದರೆ ಇದನ್ನು ಕೂಡಿಡಬೇಕು, ದನದ ಮೈಯೊಳಗೆ. ಅಲ್ಲಿ ಶಾಖಕ್ಕೆ ಕೆಡುವ ಭಯವಿಲ್ಲ, ಇಲಿ ಕಡಿಯುವ ಭಯವೂ ಇಲ್ಲ.

ನೆರಡಿಯ ಬಗ್ಗೆ ಒಂದು ಎಚ್ಚರಿಕೆ. ದನ ಅಥವಾ ಕುರಿ ಏಕಾಏಕಿ ಸತ್ತು ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಹಂಚಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ಮುಟ್ಟಿದವರು ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ನಿಜವಾಗಿಯೂ ದಾರಿ ಕಡಿಯುವ ಊರಿನವರಿಗೆ ನಾನು ಹೇಳುವುದು ಬೇರೆ. ಮೇ ತಿಂಗಳಲ್ಲೇ ಪಶುವೈದ್ಯರನ್ನೂ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕಂಡು ನಿಮ್ಮ ಊರಿನ ಸ್ಥಿತಿ ತಿಳಿಸಿ. ಆಸ್ತಮಾ, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇದ್ದವರ ದಿನನಿತ್ಯದ ಔಷಧಿಯನ್ನು ಒಂದು ತಿಂಗಳಿಗೆ ಹೆಚ್ಚಾಗಿ ಬರೆಸಿಕೊಳ್ಳಿ. ಅದು ನ್ಯಾಯವಾದ ದಾಸ್ತಾನು. ಯಾವುದೋ ಆಂಟಿಬಯೋಟಿಕ್ ಇಟ್ಟುಕೊಳ್ಳಲೇಬೇಕೆಂದು ವೈದ್ಯರೇ ಹೇಳಿದರೆ, ಯಾರಿಗೆ, ಯಾವ ಲಕ್ಷಣಕ್ಕೆ, ಎಷ್ಟು, ಎಷ್ಟು ದಿನ ಎಂದು ಚೀಟಿ ಬರೆಸಿ ಔಷಧಿಯ ಜೊತೆಯಲ್ಲೇ ಕಟ್ಟಿಡಿ. ಪೆನಿಸಿಲಿನ್ ಜಾತಿಯ ಮದ್ದು ಮೈಗೆ ಒಗ್ಗದವರು ಮನೆಯಲ್ಲಿದ್ದರೆ ಅದನ್ನೂ ದಪ್ಪಕ್ಷರದಲ್ಲಿ ಬರೆಸಿ. ಅಂಥವರಿಗೆ ಒಂದೇ ಗುಳಿಗೆ ಪ್ರಾಣಕ್ಕೆ ತರಬಲ್ಲದು. ಕೊಳ್ಳುವಾಗ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದೆಯೇ ನೋಡಿ. ಆ ಗೆರೆ ಇದ್ದದ್ದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದು 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಪ್ರಚಾರ ಮಾಡಿತು. ಕತ್ತರಿಸಿಯೇ ಕೊಡುವುದಾದರೆ ಹೆಸರು, ತಾರೀಖು ಇರುವ ತುದಿ ನನಗೆ ಬೇಕು ಎಂದು ಕೇಳಿ ಪಡೆಯಿರಿ.

ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿ ಈಗಲೂ ಇದೆ. ಒಳಗಿರುವ ಸಾಮಾನು ಮಾತ್ರ ಬೇರೆ. ಓ.ಆರ್.ಎಸ್. ಪೊಟ್ಟಣ ಹತ್ತು, ಆಶಾ ಕಾರ್ಯಕರ್ತೆಯಲ್ಲಿ ಕೇಳಿ ತಂದದ್ದು. ಮಳೆಗಾಲದ ವಾಂತಿಭೇದಿಯಲ್ಲಿ ಜೀವ ತೆಗೆಯುವುದು ಮೈಯ ನೀರು ಬತ್ತುವುದು, ಹೆಚ್ಚಿನ ಭೇದಿಗೆ ಆಂಟಿಬಯೋಟಿಕ್ ಬೇಕಾಗಿಯೇ ಇಲ್ಲ. ರಕ್ತ ಬಿದ್ದರೆ, ಮಗು ಕಣ್ಣು ಗುಳಿಬಿದ್ದು ಮಂಕಾದರೆ ಮಾತ್ರ ಹೇಗಾದರೂ ಆಸ್ಪತ್ರೆ ಮುಟ್ಟಿಸಬೇಕು. ಪೊಟ್ಟಣ ಮುಗಿದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ಯಾರಾಸಿಟಮಾಲ್, ಜ್ವರ ನೋಡುವ ಥರ್ಮಾಮೀಟರು, ಸಾಬೂನು, ಬಿಳಿ ಬಟ್ಟೆ, ಪೊವಿಡೋನ್ ಅಯೋಡಿನ್. ಗುದ್ದಲಿ ತಾಗಿದ ಗಾಯವನ್ನು ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆಯುವುದು ಅರ್ಧ ಚಿಕಿತ್ಸೆ. ಸಗಣಿ ಮಣ್ಣಿನಿಂದ ಬರುವ ಧನುರ್ವಾಯುವಿಗೆ ಚುಚ್ಚುಮದ್ದು ಮುಂಚೆಯೇ ಆಗಿರಬೇಕು. ನಾಯಿ ಕಚ್ಚಿದರೆ ಹದಿನೈದು ನಿಮಿಷ ತೊಳೆದು ಲಸಿಕೆಗೆ ಓಡಬೇಕು, ಅದಕ್ಕೆ ಡಬ್ಬಿಯಲ್ಲಿ ಉತ್ತರವಿಲ್ಲ.

ಹಳೆಯ ಮಾತ್ರೆಗಳನ್ನು, ತುಕ್ಕು ಹಿಡಿದ ಸೂಜಿಗಳನ್ನು ಆಸ್ಪತ್ರೆಯ ತ್ಯಾಜ್ಯದ ಜೊತೆ ಸೇರಿಸಲು ಆರೋಗ್ಯ ಕೇಂದ್ರದವರನ್ನು ಕೇಳಿ ಕೊಟ್ಟೆ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ, ಹೊಲದಿಂದ ಬಾವಿಗೆ ಬರುತ್ತದೆ. ಡಬ್ಬಿಯ ಮುಚ್ಚಳದ ಒಳಗೆ ದೂರವಾಣಿ ಸಂಖ್ಯೆ ಅಂಟಿಸಿದ್ದೇವೆ: ಮನುಷ್ಯರಿಗೆ 108, ದನಕ್ಕೆ 1962, ಆಮೇಲೆ ನಮ್ಮ ಪಶುವೈದ್ಯರದು, ಆಶಾ ಕಾರ್ಯಕರ್ತೆಯದು. ಗಳಲೆ ಚಪ್ಪೆ ಲಸಿಕೆ ಹಾಕಿಸಿದ ತಾರೀಖು ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿದೆ. ನಿಮ್ಮ ಊರಿಗೆ ಲಸಿಕೆಯವರು ಯಾವ ದಿನ ಬರುತ್ತಾರೆಂದು ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ಸಂಘದ ಕಾರ್ಯದರ್ಶಿಯನ್ನು ಕೇಳಿ.